ಬಸು ಬಾಯಿ ಬಿಡುವ ತನಕ

ಲೋಟದ ಹೊರಮೈಯಲ್ಲಿ ಒಂದು ಹನಿ ಇಳಿಯುತ್ತಿದೆ, ಅರ್ಧಕ್ಕೆ ನಿಂತಿತು, ಮೇಲಿಂದ ಇನ್ನೊಂದು ಬಂದು ಅದನ್ನು ಕೂಡಿತು, ಈಗ ಎರಡೂ ಸೇರಿ ಸರ್ರನೆ ಜಾರಿ ಹಂಪಮ್ಮನ ಹೆಬ್ಬೆರಳು ಮುಟ್ಟಿದವು — ಗಡಿಗೆಯ ನೀರು, ಎಷ್ಟು ತಣ್ಣಗಿದೆ ಶಿವನೇ, ಅವಳ ಗಂಟಲೂ ಒಣಗಿ ಹಂಚಾಗಿದೆ, ಆದರೆ ಮಗ ಕುಡಿಯದೆ ತಾಯಿ ಕುಡಿಯುವುದು ಯಾವ ನ್ಯಾಯ, ಎದುರಿಗೆ ಕೂತಿದ್ದಾನಲ್ಲ ಮಹಾರಾಜ, ಬಸು, ಮೂರು ದಾಟಿದ ಕೂಸು, ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ, ಕಣ್ಣು ಲೋಟದ ಮೇಲೆ, ಬಾಯಿಗೆ ಮಾತ್ರ ಬೀಗ. ನೀಳ್ಳು ಅನು, ನೀಳ್ಳು, ಎನ್ನುತ್ತಾಳೆ ಹಂಪಮ್ಮ, ಲೋಟವನ್ನು ತನ್ನ ತುಟಿಗೆ ಅಡ್ಡ ಹಿಡಿದು, ಮೇಡಂ ತೋರಿಸಿಕೊಟ್ಟ ಹಾಗೆಯೇ, ತುಟಿ ಕಾಣಬಾರದು, ನೀರಿಗೆ ತೆಲುಗಿನಲ್ಲಿ ಏನೆನ್ನುತ್ತಾರೋ ಅದನ್ನು ಕೂಸು ಕಿವಿಯಿಂದಲೇ ಹಿಡಿಯಬೇಕು, ನೀ... ಳ್ಳು. ಬಸು ಹೆಬ್ಬೆರಳೆತ್ತಿ ಬಾಯಿಗೆ ಇಟ್ಟುಕೊಂಡ. ನೀರು ಬೇಕು ಎಂದು ಅವನ ಭಾಷೆ, ಅವಳೇ ಕಲಿಸಿದ್ದು, ಕಿವಿಯ ಆಪರೇಷನ್ನಿಗಿಂತ ಮೊದಲು, ಹೆಬ್ಬೆರಳು ಬಾಯಿಗೆ ಬಂದರೆ ನೀರು, ಅಂಗೈ ಕೆನ್ನೆಗೆ ಬಂದರೆ ನಿದ್ದೆ, ಎದೆ ತಟ್ಟಿಕೊಂಡರೆ ತಾಯಿ, ತೋರುಬೆರಳು ಮೇಲಕ್ಕೆ ಗರಗರ ತಿರುಗಿದರೆ ಲಿಫ್ಟು — ಎಷ್ಟು ಚೆಂದ ಹರಟುತ್ತಿದ್ದರು ಆಗ ತಾಯಿಮಗ, ಈಗ ಅದೆಲ್ಲ ಬಂದ್, ಹಂಪಮ್ಮ ಕಂಡೂ ಕಾಣದವಳ ಹಾಗೆ ಮುಖ ತಿರುಗಿಸಿದಳು, ಚೇತುಲು ವದ್ದು ಎಂದಿದ್ದಾರೆ ಮೇಡಂ, ಕೈ ಬೇಡ, ಕೈ ಮಾಡಿ ಕೇಳಿದರೆ ಏನೂ ಕೊಡಬೇಡಿ, ಬಾಯಿಬಿಟ್ಟು ಕೇಳಿದರೆ ಮಾತ್ರ ಕೊಡಿ.

ಮಾತು ಕಲಿಸುವ ಗುಣವತಿ ಮೇಡಂ ಕೆಟ್ಟವರಲ್ಲ, ಅಯ್ಯೋ, ಹಾಗೆ ಅಂದರೆ ಬಾಯಲ್ಲಿ ಹುಳ ಬೀಳುತ್ತದೆ, ಬಸುವಿನ ಸಿಂಬಳವನ್ನು ತಮ್ಮ ಕರವಸ್ತ್ರದಿಂದ ಒರೆಸುತ್ತಾರೆ, ಮಿಯಾಪುರದಿಂದ ತಾರ್ನಾಕಕ್ಕೆ ಬಸ್ಸು ಬದಲಿಸಿ ಬದಲಿಸಿ ಬೆವತು ಬಂದವಳಿಗೆ ಮೊದಲು ಫ್ಯಾನಿನ ಕೆಳಗೆ ಕುರ್ಚಿ ಹಾಕುತ್ತಾರೆ, ಆಮೇಲೆ ಮಾತು — ನೋಡಮ್ಮಾ, ಡಾಕ್ಟರು ಕಿವಿ ಕೊಟ್ಟಿದ್ದಾರೆ, ಮಾತು ಕೊಡಬೇಕಾದವಳು ನೀನು, ಈ ವಯಸ್ಸಿನಲ್ಲಿ ಬಂದರೆ ಬಂತು, ಹೋದರೆ ಹೋಯಿತು, ಇವನು ಜಾಣ, ಆದರೆ ಮೊಂಡ, ಕೈಯಲ್ಲೇ ಎಲ್ಲ ಸಿಗುವಾಗ ಬಾಯಿ ಯಾಕೆ ಬಿಟ್ಟಾನು, ದನಿ ಮಾಡಿದರೆ ವಸ್ತು ಬರುತ್ತದೆ, ಇಷ್ಟೇ ಪಾಠ, ಇದೊಂದು ಇವನ ತಲೆಗೆ ಹೋಗಲಿ, ಉಳಿದದ್ದು ತಾನೇ ಬರುತ್ತದೆ. ಹಂಪಮ್ಮ ತಲೆಯಾಡಿಸಿದಳು. ಇನ್ನೊಂದು ಮಾತು, ಮನೆಯಲ್ಲಿ ಏನು ಮಾತಾಡುತ್ತೀರಿ, ಕನ್ನಡಾನಾ, ಅದು ಬೇಡಮ್ಮಾ, ಒಕ್ಕಟೇ ಭಾಷ, ಎರಡೆರಡು ಭಾಷೆಯಾದರೆ ಕೂಸಿಗೆ ಗೊಂದಲ, ನಾಳೆ ಶಾಲೆಗೆ ಹೋಗುವುದು ತೆಲುಗಿನಲ್ಲಿ, ಇಲ್ಲಿ ಕಲಿಸುವುದು ತೆಲುಗಿನಲ್ಲಿ, ನೀವೂ ಇವನ ಮುಂದೆ ತೆಲುಗೇ ಆಡಿ. ಆಗಲಿರಿ ಮೇಡಂ, ಎಂದಳು ಹಂಪಮ್ಮ. ಆಗಲಿ ಎನ್ನದೆ ಏನು ಮಾಡುತ್ತಾಳೆ, ಓದಿದವರು, ನೂರು ಮಕ್ಕಳ ಬಾಯಿ ಬಿಡಿಸಿದವರು, ಎದುರುತ್ತರ ಕೊಡಲಿಕ್ಕೆ ಇವಳೇನು ದೊಡ್ಡ ಪಂಡಿತೆಯೆ, ಲಿಂಗಸುಗೂರ ಸೀಮೆಯಿಂದ ಇಟ್ಟಿಗೆ ಹೊರಲು ಬಂದವಳು, ಗಂಡ ದ್ಯಾವಪ್ಪನಿಗೆ ಈ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿದ್ದರಿಂದ ತಲೆಯ ಮೇಲಿನ ಬುಟ್ಟಿ ಇಳಿಸಿ ಕೈಗೆ ಕಸಬರಿಗೆ ತೆಗೆದುಕೊಂಡವಳು. ಇವಳ ತೆಲುಗು ಅಂದರೆ ಎಷ್ಟು, ಕೊತ್ತಂಬರಿ ಕಟ್ಟು ಎಷ್ಟಕ್ಕೆ, ನಾಲ್ಕನೇ ಫ್ಲೋರಿನ ಅಮ್ಮಾವರು ಮನೆಯಲ್ಲಿಲ್ಲ, ನೀರು ಬಿಟ್ಟಿದೆ, ನೀರು ನಿಂತಿದೆ, ಅಷ್ಟೇ. ಅಷ್ಟರಲ್ಲಿ ಮಗನನ್ನು ಮುದ್ದಾಡುವುದು ಹೇಗೆ, ಬೈಯುವುದು ಹೇಗೆ, ಬೈಗುಳವೂ ಬರದ ಭಾಷೆಯಲ್ಲಿ ತಾಯಿತನ ಮಾಡುವುದೆಂದರೆ ಏನು ಸುಮ್ಮನೆಯೆ, ಹಾಗಾಗಿ ಇವಳೂ ಮಾತು ಕಮ್ಮಿ ಮಾಡಿದಳು, ಕಲಿಸಿದ ಶಬ್ದಗಳಷ್ಟೇ, ನೀಳ್ಳು, ಅಮ್ಮ, ಹಾಲಿಗೆ ಪಾಲು, ಚೆಂಡಿಗೆ ಬಂತಿ, ಅಲ್ಲಿಗೆ ಮುಗಿಯಿತು, ಆಮೇಲೆ ದಿನವಿಡೀ ಮನೆಯೊಳಗೆ ಇಬ್ಬರು ಮೂಕರು.

ರಾತ್ರಿ ಮಾತ್ರ ಬೇರೆ. ರಾತ್ರಿ ಮಲಗಿಸುವ ಹೊತ್ತಿಗೆ ಮಶೀನು ತೆಗೆದಿಡಬೇಕು, ಕಿವಿಯ ಹಿಂದೆ ಸಿಕ್ಕಿಸಿದ ಆ ಮಶೀನು, ಅದರಿಂದ ಹೊರಟ ಸಣ್ಣ ವಯರು, ವಯರಿನ ತುದಿಗೆ ದುಂಡನೆಯ ಬಿಲ್ಲೆ, ಅದು ಅಯಸ್ಕಾಂತದ್ದು, ಕೂದಲ ನಡುವೆ ಹಿಡಿದರೆ ಟಪ್ಪೆಂದು ತಲೆಗೆ ಅಂಟುತ್ತದೆ, ಒಳಗೆ ಚರ್ಮದ ಕೆಳಗೆ ಅದರ ಜೋಡಿ ಕೂತಿದೆಯಂತೆ, ಬಿಲ್ಲೆ ಅಂಟಿದರೆ ಕಿವಿ, ಕಿತ್ತರೆ ಕಿವುಡು. ಬಿಲ್ಲೆ ಕಿತ್ತು ಡಬ್ಬಿಗೆ ಹಾಕಿದ ಮೇಲೆ ಹಂಪಮ್ಮ ಮಗನ ಪಕ್ಕ ಉರುಳಿ ಎದೆಯೊಳಗಿನ ಕನ್ನಡವನ್ನೆಲ್ಲ ಸುರಿಯುತ್ತಿದ್ದಳು, ನನ ಬಂಗಾರ, ನನ ಮುತ್ತು, ಹಗಲೆಲ್ಲ ಬೈದೆ ಏನೋ ನನ ಕಂದಾ, ಹೊಟ್ಟೆ ಉರಿತೈತೋ, ನಿಮ್ಮಜ್ಜಿ ನೋಡಿದ್ರ ನನ್ನ ಬಡಿತಾಳ, ನಮ್ಮೂರಾಗ ಹಳ್ಳ ಐತಿ, ಹಳ್ಳದಾಗ ಮೀನ ಅದಾವು, ನೀ ಮಾತಾಡು, ನಿನಗ ತೋರಸ್ತೀನಿ — ಕೇಳದ ಕಿವಿಗೆ ಬಾಯಿಟ್ಟು, ಕಣ್ಣೀರು ಅವನ ಕಿವಿಯ ಸಂದಿಗೆ ಇಳಿಯುವ ತನಕ. ದ್ಯಾವಪ್ಪ ಆ ಬದಿಗೆ ಹೊರಳುತ್ತಿದ್ದ, ಅವನಿಗೂ ಸಂಕಟ, ಗಂಡಸಲ್ಲವೆ, ಸಂಕಟವನ್ನು ಸಿಟ್ಟು ಮಾಡಿ ಆಡುತ್ತಿದ್ದ — ದಸರಾದೊಳಗ ಒಂದು ಮಾತು ಬರಲಿಲ್ಲಂದ್ರ ನಾ ಊರಾಗ ಅವ್ವನ ಹಂತೇಲಿ ಬಿಟ್ಟು ಬರ್ತೀನಿ ನೋಡು, ಕುರಿ ಕಾಯಾಕ ಮಾತ್ಯಾಕ ಬೇಕು, ಮೂಕಗ ಪಟ್ಟಣ ಯಾಕ ಬೇಕು. ಹೆತ್ತ ಅಪ್ಪನ ಬಾಯಿಂದಲೇ ಮೂಕ. ಊರಿಗೆ ಹೋದರೆ ಹೆಸರೇ ಅದಾಗುತ್ತದೆ, ಬಸು ಎನ್ನುವವರು ಯಾರಿರುತ್ತಾರೆ, ಮೂಕ್ಯಾ ಬಾ, ಮೂಕ್ಯಾ ಹೋಗು, ಸಾಯುವ ತನಕ ಮೂಕ್ಯಾ. ಬಾಯಿದ್ದವ ಬರಗಾಲದಾಗೂ ಬದುಕ್ಯಾನ ಅನ್ನುತ್ತಾರೆ, ಬಾಯಿಲ್ಲದವನ ಗತಿ ಏನು.

ಒಂದು ಮಾತು, ಒಂದೇ ಒಂದು, ದಸರಾಕ್ಕೆ ಇನ್ನೂ ಇದೆ, ಆದರೆ ಇವತ್ತೇ ಯಾಕಾಗಬಾರದು, ಇವತ್ತು ಬೆಳಿಗ್ಗೆ ಎದ್ದಾಗಲೇ ಗಟ್ಟಿ ಮಾಡಿದ್ದಾಳೆ, ಬಸು ಬಾಯಿ ಬಿಡುವ ತನಕ ನೀರಿಲ್ಲ. ಕಲ್ಲಿಗೂ ಬಾಯಿ ಬರುವ ಸೆಕೆ ಇದು. ಮಧ್ಯಾಹ್ನ ಆಯಿತು. ರೊಟ್ಟಿ ತಿಂದಿದ್ದಾನೆ, ಖಾರದ ಪಲ್ಯ ಬೇಕಂತಲೇ ಹಾಕಿದಳು ಪಾಪಿ, ಮೂಗು ಕೆಂಪಗಾಗಿದೆ, ನಾಲಗೆಯಿಂದ ತುಟಿ ಸವರಿಕೊಳ್ಳುತ್ತಿದ್ದಾನೆ, ನೀಳ್ಳು ಅನು ನಾನ್ನಾ, ತೆಲುಗಿನವರು ಮಕ್ಕಳನ್ನು ಕರೆಯುವ ಹಾಗೆ, ನೀಳ್ಳು, ಬಸು ಮತ್ತೆ ಹೆಬ್ಬೆರಳು ಎತ್ತಿದ, ಎದ್ದು ಬಂದ, ಲೋಟಕ್ಕೆ ಕೈ ಹಾಕಿದ, ಅವಳು ಮೇಲಕ್ಕೆತ್ತಿದಳು, ಅವನು ಅವಳ ಮೊಣಕಾಲು ಹತ್ತಿದ, ಇನ್ನೂ ಮೇಲಕ್ಕೆ, ಇನ್ನೊಂದು ಕೈಯಿಂದ ಅವನ ಎರಡೂ ಪುಟ್ಟ ಮುಂಗೈಗಳನ್ನು ಹಿಡಿದುಬಿಟ್ಟಳು, ಕಳ್ಳನನ್ನು ಹಿಡಿದ ಹಾಗೆ, ಕೈ ಬ್ಯಾಡ, ಬಾಯಿ ಬಿಡು, ಬಿಡೋ ಬಾಯಿ, ಅಯ್ಯೋ ಕನ್ನಡ ಬಂತು, ನಾಲಗೆ ಕಚ್ಚಿಕೊಂಡಳು, ನೀಳ್ಳು, ನೀಳ್ಳು ಅನು. ಬಸು ಅವಳ ಮುಖ ನೋಡಿದ. ಎಂಥ ನೋಟ ಅದು, ದೊಡ್ಡವರ ನೋಟ, ಬಾಯಿಗೆ ಬೀಗ ಹಾಕಿ ಕೀಲಿಯನ್ನು ನುಂಗಿಕೊಂಡವರ ನೋಟ, ಕೈ ಬಿಡಿಸಿಕೊಂಡು, ಲೋಟವನ್ನು ಒಮ್ಮೆ ಗುದ್ದಿ, ಅರ್ಧ ನೀರು ಅವಳ ಮಡಿಲಿಗೆ ಚೆಲ್ಲಿಸಿ, ಪಟಪಟ ಬರಿಗಾಲಲ್ಲಿ ಹೊರಗೆ ಓಡಿದ. ಬಿಲ್ಲೆ ತಲೆಗೆ ಅಂಟಿಯೇ ಇತ್ತು, ಅಷ್ಟು ನೋಡಿಕೊಂಡಳು. ಹಿಂದೆ ಓಡಬೇಡಿ ಎಂದಿದ್ದಾರೆ ಮೇಡಂ, ನೀವು ಓಡಿದರೆ ಅವನು ಗೆದ್ದ, ಅವನಾಗಿ ಬರಲಿ, ಬಂದು ಕೇಳಲಿ. ಎಲ್ಲಿ ಹೋಗಿರುತ್ತಾನೆ, ಸಿಟ್ಟು ಬಂದಾಗಲೆಲ್ಲ ಹೋಗುವಲ್ಲಿಗೆ, ಇವರ ಕೋಣೆಯ ಎದುರು, ಪಾರ್ಕಿಂಗಿನ ಮೂಲೆಯಲ್ಲಿ ಮೂರನೇ ಫ್ಲೋರಿನ ಉಪೇಂದ್ರ ಸಾರ್ ಕಾರು ನಿಲ್ಲುತ್ತದೆ, ಅದಕ್ಕೆ ಬೂದು ಬಣ್ಣದ ಹೊದಿಕೆ, ಅದರ ಅಂಚು ಎತ್ತಿ ಒಳಗೆ ತೂರಿದರೆ ಮಹಾರಾಜರ ಅಂತಃಪುರ. ಬಾಗಿಲಲ್ಲಿ ಕೂತೇ ಕತ್ತು ಚಾಚಿ ನೋಡಿದಳು, ಹೊದಿಕೆಯ ಅಂಚು ಅಲ್ಲಾಡುತ್ತಿದೆ. ಹಾಂ. ಅಲ್ಲೇ ಇದ್ದಾನೆ. ಇರು ಮಗನೇ, ನೀನು ಮೊಂಡನಾದರೆ ನಾನು ನಿನ್ನ ಹೆತ್ತವಳು.

ಸಿಲಿಂಡರಿನವ ಬಂದ ಹಾಗಿದೆ, ಢಣ್ ಎಂದು ನೆಲಕ್ಕೆ ಇಳಿಸಿದ ಸದ್ದು, ಕಂಬದ ಆಚೆ ಲಿಫ್ಟಿನ ಜಾಲರಿ ಬಾಗಿಲು ಕರಕರ ಸರಿಯಿತು, ಮತ್ತೆ ಕರಕರ ಮುಚ್ಚಿತು, ಗುಂಯ್ ಎಂದು ಮೇಲೇರಿತು, ಬಾಗಿಲು ಸರಿಯಾಗಿ ಹಾಕಿಕೊಳ್ಳಲಿ ಪುಣ್ಯಾತ್ಮ, ಇಲ್ಲದಿದ್ದರೆ ಲಿಫ್ಟು ಹೋದಲ್ಲೇ ನಿಲ್ಲುತ್ತದೆ, ಮೇಲಿನವರೆಲ್ಲ ದ್ಯಾವಪ್ಪಾ ದ್ಯಾವಪ್ಪಾ ಎಂದು ಒದರುತ್ತಾರೆ, ದ್ಯಾವಪ್ಪ ಇಲ್ಲ, ಜನರೇಟರಿಗೆ ಡೀಸೆಲ್ ತರಲು ಕ್ಯಾನು ಹಿಡಿದು ಹೋಗಿದ್ದಾನೆ. ಮಡಿಲು ಒದ್ದೆ, ತಣ್ಣಗೆ ಹಿತವಾಗಿದೆ, ಹಿತ ಅನ್ನಿಸಿದ್ದಕ್ಕೂ ನಾಚಿಕೆ. ಫ್ಯಾನು ನಿಧಾನವಾಯಿತು, ನಿಂತಿತು. ಹೋಯಿತು ಕರೆಂಟು. ಈ ಊರಿನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತದೆ, ಕರೆಂಟು ಎಲ್ಲಿಂದ ಬರಬೇಕು, ಮೇಲಿರುವವರಿಗೇನು, ಮಾದಾಪುರದ ಆಫೀಸುಗಳಲ್ಲಿ ತಣ್ಣಗೆ ಕೂತಿದ್ದಾರೆ ಗಂಡಹೆಂಡಿರಿಬ್ಬರೂ, ಮುಕ್ಕಾಲು ಮನೆಗಳಿಗೆ ಬೀಗ, ರಾತ್ರಿಯೆಲ್ಲ ಅಮೆರಿಕದ ಕೆಲಸ ಮಾಡಿ ಹಗಲು ಮಲಗುವ ಉಪೇಂದ್ರ ಸಾರ್ ಒಬ್ಬರೇ ಮೂರನೇ ಫ್ಲೋರಿನಲ್ಲಿ, ಗುಲಬರ್ಗಾದವರು, ಒಳ್ಳೆಯವರು, ಬಸುವಿನ ಆಪರೇಷನ್ ಸರ್ಕಾರದ ಯೋಜನೆಯಲ್ಲಿ ಆಗಲಿ ಅಂತ ದ್ಯಾವಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಾಂಪಲ್ಲಿಯ ಆಫೀಸುಗಳನ್ನೆಲ್ಲ ಸುತ್ತಿಸಿದವರು ಅವರೇ. ಅದಕ್ಕೂ ಮೊದಲು, ಕಿವಿ ಇಲ್ಲವೆಂದು ಗೊತ್ತಾಗುವುದಕ್ಕೂ ಮೊದಲು, ಗಣಪತಿ ಕಳಿಸುವ ದಿನ ಬೀದಿಯಲ್ಲಿ ಡೋಲು ಕಿವಿ ಹರಿಯುವಂತೆ ಬಡಿಯುತ್ತಿದ್ದರೆ ಇವಳ ಹೆಗಲ ಮೇಲೆ ಬಸು ಸುಖವಾಗಿ ಮಲಗಿದ್ದ, ಎಂಥಾ ಸೈರಣೆಯ ಕೂಸಮ್ಮ ನಿಂದು ಎಂದರು ಹೆಂಗಸರು, ಇವಳು ಉಬ್ಬಿದಳು, ದಡ್ಡಿ, ಉಬ್ಬಿದಳು. ಇನ್ನೂ ಹಿಂದೆ, ತೊಟ್ಟಿಲಿಗೆ ಹಾಕಿದ ದಿನ, ನಾದಿನಿ ಬಂಡೆಮ್ಮ ತೊಟ್ಟಿಲೊಳಗೆ ಮುಖವಿಟ್ಟು ಕೂಸಿನ ಕಿವಿಯಲ್ಲಿ ಕುರ್ರ್... ಬಸವರಾಜ, ಕುರ್ರ್... ಬಸವರಾಜ ಎಂದು ಹೆಸರು ಕೂಗಿದಳು, ಸುತ್ತಲಿನವರೆಲ್ಲ ನಗುತ್ತ ಬಂಡೆಮ್ಮನ ಬೆನ್ನಿಗೆ ಗುದ್ದಿದರು, ಗುದ್ದಿದಷ್ಟೂ ಕೂಸು ಗಟ್ಟಿಯಾಗುತ್ತದಂತೆ, ಕೂಸು ಮಾತ್ರ ತೊಟ್ಟಿಲ ಮೇಲೆ ಕಟ್ಟಿದ ಕೆಂಪು ಗೊಂಡೆ ನೋಡುತ್ತಾ ಮಲಗಿತ್ತು, ತನ್ನ ಹೆಸರೇ ಮುಟ್ಟದ ಕೂಸು. ಹೊರಗೆ ಎಲ್ಲೋ ಒಂದು ಕೂಸು ಅಳುತ್ತಿದೆ. ಯವ್ವಾ, ಯವ್ವಾ ಎಂದು. ಪಕ್ಕದ ಸೈಟಿನದು ಇರಬೇಕು, ಅಲ್ಲಿ ಏಳುತ್ತಿರುವ ಕಟ್ಟಡದ ಕೂಲಿಯವರೆಲ್ಲ ನಮ್ಮ ಕಡೆಯವರೇ, ದೇವದುರ್ಗ, ಶಹಾಪುರ, ಮಕ್ಕಳನ್ನು ಮರಳಿನ ಗುಡ್ಡೆಯ ಮೇಲೆ ಬಿಟ್ಟು ತಾವು ಮಾಳಿಗೆ ಹತ್ತುತ್ತಾರೆ, ಪಾಪ, ಹೊಟ್ಟೆಪಾಡು, ಇವಳೂ ಹೀಗೇ ಹತ್ತಿದವಳಲ್ಲವೆ.

ಬಸು ಇನ್ನೂ ಬರಲಿಲ್ಲ. ಹೊದಿಕೆಯ ಅಂಚು ಮತ್ತೆ ಅಲ್ಲಾಡಿತು, ಗಾಳಿಗೋ ಅವನ ಕಾಲಿಗೋ, ಅವನ ಕಾಲಿಗೇ, ಬಾ, ಬಾ, ಸೋಲು ಒಂದು ಸಲ, ತಾಯಿಗೆ ಸೋತರೆ ಮಾನ ಹೋಗುವುದಿಲ್ಲ, ನೀಳ್ಳು ಅನ್ನು, ಸರಿಯಾಗಿ ಬೇಡ, ನೀ ಅಂತಾದರೂ ಅನ್ನು, ಬರೇ ಆ ಅನ್ನು, ಇಡೀ ಗಡಿಗೆಯನ್ನೇ ನಿನ್ನ ಬಾಯಿಗೆ ಹಿಡಿಯುತ್ತೇನೆ. ಯವ್ವಾ, ಯವ್ವಾ, ಯವ್ವಾ. ಏನು ಅಳು ಇದು, ಬಿಟ್ಟೂ ಬಿಡದೆ, ಗೋಡೆಯೊಳಗಿಂದ ಬಂದ ಹಾಗೆ, ಬಾವಿಯೊಳಗಿಂದ ಬಂದ ಹಾಗೆ, ದನಿಯೂ ಒಂಥರಾ, ಒಡಕು, ಎಳೆದು ಎಳೆದು, ಎಂಥ ಕಲ್ಲೆದೆಯವಳೋ ಇದರ ತಾಯಿ, ಇಷ್ಟು ಒದರಿದರೂ ಇಳಿದು ಬರಬಾರದೆ, ಸಿಮೆಂಟಿನ ಬುಟ್ಟಿ ಅಷ್ಟು ಹೆಚ್ಚಾಯಿತೆ, ನನಗೊಂದು ಸಲ ಹಾಗೆ ಕರೆದಿದ್ದರೆ ನಾನು ಉರಿಯುವ ಕೆಂಡದ ಮೇಲೆ ಓಡಿ ಬರುತ್ತಿದ್ದೆ, ದೇವರೇ, ಅನ್ನಬಲ್ಲ ಮಕ್ಕಳ ತಾಯಂದಿರಿಗೆ ಕಿವಿ ಕೊಡುವುದಿಲ್ಲ, ಕಿವಿ ಚಾಚಿ ಕೂತವಳ ಮಗನಿಗೆ ಬಾಯಿ ಕೊಡುವುದಿಲ್ಲ, ನಿನ್ನ ಲೆಕ್ಕವೇ ನನಗೆ ತಿಳಿಯದು. ಹೊಟ್ಟೆಕಿಚ್ಚು ಎದ್ದಿತು, ಹೌದು, ಹೊಟ್ಟೆಕಿಚ್ಚೇ, ಸುಳ್ಳು ಯಾಕೆ, ಮರಳಿನ ಮೇಲಿನ ಯಾರದೋ ಸಿಂಬಳಬುರುಕ ಕೂಸಿನ ಬಾಯಿಂದ ಆ ಶಬ್ದ ಅಷ್ಟು ಸಲೀಸಾಗಿ ಬರುತ್ತದೆ, ಯವ್ವಾ, ಇವಳೇ ದಿನಕ್ಕೆ ನೂರು ಸಲ ಅನ್ನುತ್ತಾಳೆ, ಬಗ್ಗಿ ಕಸ ಹೊಡೆದು ಸೊಂಟ ನೆಟ್ಟಗೆ ಮಾಡುವಾಗ ಯವ್ವಾ, ನೀರಿನ ಬಕೀಟು ಇಳಿಸುವಾಗ ಯವ್ವಾ, ಕೂರುವಾಗ ಏಳುವಾಗ ಯವ್ವಾ, ಅದಕ್ಕೆ ಯಾವ ಮೇಡಮ್ಮೂ ಬೇಕಿಲ್ಲ, ಯವ್ವಾ, ಯವ್ವಾ, ಯವ್ವಾ — ಸಾಕು, ತಲೆ ಸಿಡಿಯುತ್ತದೆ, ಈ ಗದ್ದಲದಲ್ಲಿ ನನ್ನ ಮಗ ಸಣ್ಣಗೆ ಏನಾದರೂ ಅಂದರೆ ನನಗೆ ಹೇಗೆ ಕೇಳಬೇಕು. ಎದ್ದಳು, ಬಾಗಿಲಿಗೆ ಬಂದಳು, ಸೈಟಿನ ಕಡೆಗೆ ಮುಖ ಮಾಡಿ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಒದರಿದಳು — ಏಯ್, ಯಾರದದು ಕೂಸು! ಎಷ್ಟೊತ್ತಾತು! ಬಾಯಿ ಮುಚ್ಚೋ! ಬಾಯಿ ಮುಚ್ಚಸ್ರೇ ಅದ್ರದು! ಪಾರ್ಕಿಂಗಿನ ಗೋಡೆಗಳು ಅವಳ ದನಿಯನ್ನು ಮೇಲಕ್ಕೆ ಎತ್ತಿಕೊಂಡು ಹೋದವು. ಅಳು ನಿಂತಿತು. ಟಕ್ಕನೆ ನಿಂತಿತು. ಅಬ್ಬ, ನನ್ನ ಮಾತಿಗೂ ಒಂದು ಕಿಮ್ಮತ್ತಿದೆ ಈ ಊರಿನಲ್ಲಿ ಎಂದುಕೊಂಡಳು ಹಂಪಮ್ಮ, ಬಹಳ ದಿನದ ಮೇಲೆ ಬಾಯಿ ತುಂಬ ಕನ್ನಡ ಆಡಿದ ಹಿತಕ್ಕೆ ಎದೆಯೂ ಹಗುರಾಗಿ, ಮತ್ತೆ ಬಂದು ಲೋಟಕ್ಕೆ ನೀರು ತುಂಬಿಸಿ ಕೂತಳು.

ಎಷ್ಟು ಹೊತ್ತು ಕೂತಳೋ, ಒಂದಿಷ್ಟು ಕಣ್ಣೂ ಹತ್ತಿತೋ ಏನೋ, ಹಂಪಮ್ಮಾ, ಏ ಹಂಪಮ್ಮಾ, ಯಾರೋ ಮೆಟ್ಟಿಲ ಮೇಲಿಂದ ಕೂಗುತ್ತಿದ್ದಾರೆ, ಉಪೇಂದ್ರ ಸಾರ್ ದನಿ, ಜಲ್ದಿ ಬಾ, ನಿನ್ನ ಹುಡುಗ ಲಿಫ್ಟಿನಾಗ ಸಿಕ್ಕೊಂಡಾನ. ಯಾವ ಹುಡುಗ, ನನ್ನ ಹುಡುಗ ಕಾರಿನ ಕೆಳಗಿದ್ದಾನೆ, ಓಡಿ ಹೋಗಿ ಹೊದಿಕೆ ಎತ್ತಿದಳು, ಬರೇ ಒಂದು ಬೆಕ್ಕು, ಅದು ಅವಳನ್ನು ನೋಡಿ ಆಚೆ ಹಾರಿತು, ಲೋಟ ಎಲ್ಲಿ ಬಿತ್ತು ಗೊತ್ತಿಲ್ಲ, ಮೆಟ್ಟಿಲು, ಮೆಟ್ಟಿಲು, ಸೀರೆಯ ಅಂಚು ಕಾಲಿಗೆ ತೊಡರಿತು, ಎರಡನೇ ಫ್ಲೋರಿನ ಮೇಲೆ ಸಾರ್ ನಿಂತಿದ್ದಾರೆ, ಬನಿಯನ್ನಿನಲ್ಲಿ, ನಿದ್ದೆಗಣ್ಣಿನಲ್ಲಿ, ಎ.ಸಿ. ಬಂದಾಗಿ ಎಚ್ಚರಾತು, ಜನರೇಟರ್ ಯಾಕ ಹಾಕಿಲ್ಲ ಕೇಳಾಮಂತ ಇಳದು ಬಂದೆ, ನೋಡಿದ್ರ ಇಲ್ಲಿ ಇಂವ, ಸಿಲಿಂಡರಿನವನ ಹಿಂದ ಹತ್ತಿರಬೇಕು ನೋಡು, ಅಂವ ಇವನ್ನ ಒಳಗೇ ಬಿಟ್ಟು ಇಳದು ಬಾಗಲಾ ಎಳದು ಹೋಗ್ಯಾನ, ಮತ್ತೊಬ್ಬರು ಗುಂಡಿ ಒತ್ಯಾರ, ನಡುವ ಕರೆಂಟ್ ಹೋಗೇದ. ಲಿಫ್ಟು ಅರ್ಧ ಮೇಲೆ ಅರ್ಧ ಕೆಳಗೆ ನಿಂತಿದೆ, ಒಳಗೆ ಕತ್ತಲೆ, ಹೊರಜಾಲರಿಯ ನಡುಮಟ್ಟಕ್ಕೆ ಲಿಫ್ಟಿನ ನೆಲ, ಆ ನೆಲದ ಮೇಲೆ ಒಳಜಾಲರಿ, ಒಳಜಾಲರಿಯ ಸಂದಿನಿಂದ ಹೊರಗೆ ಬೆರಳು. ನಾಲ್ಕು ಪುಟ್ಟ ಬೆರಳು. ಕಬ್ಬಿಣದ ಪಟ್ಟಿಯನ್ನು ಬಿಗಿಯಾಗಿ ಹಿಡಿದು ಗಿಣ್ಣುಗಳಲ್ಲಿ ರಕ್ತವಿಲ್ಲದ ಬೆರಳು. ಅದರ ಹಿಂದೆ ಎರಡು ಕಣ್ಣು. ಸುಮ್ಮನಿದ್ದಾನೆ. ಅಳುತ್ತಿಲ್ಲ. ಮತ್ತೆ ಸಾರ್ ಅಂದರು, ತಪ್ಪು ನಂದೂ ಅದ ಹಂಪಮ್ಮ, ನಿದ್ದಿಗಣ್ಣಾಗ ಕೇಳಸ್ತಿತ್ತು ನನಗ, ಭಾಳ ಹೊತ್ತು ಒದರಿದ, ಯವ್ವಾ ಯವ್ವಾ ಅಂತ, ನಾ ಸೈಟಿನವರ ಕೂಸು ಅಂತ ತಿಳದೆ, ಕಡೀಗೆ ಕೆಳಗಿಂದ ಯಾರೋ ಬೈದ್ರು, ಸುಮ್ಮಾತು.

ಯಾರೋ ಬೈದರು. ಯಾರೋ ಬೈದರು, ಯವ್ವಾ ಅಂದನಂತೆ, ಯಾರೂ ಕಲಿಸದ್ದನ್ನು ಅಂದನಂತೆ, ಅಮ್ಮ ಅಲ್ಲ, ನೀಳ್ಳು ಅಲ್ಲ, ಇವಳ ಸೊಂಟದ ನೋವಿನಿಂದ ಹೆಕ್ಕಿಕೊಂಡದ್ದನ್ನು, ಎಷ್ಟು ಸಲ, ಎಷ್ಟು ಹೊತ್ತು, ಅದು ಅವನ ದನಿಯೇ, ಮೂರು ವರ್ಷ ಹೊತ್ತು ತಿರುಗಿದವಳಿಗೆ ಮಗನ ದನಿ ಗುರುತು ಸಿಗಲಿಲ್ಲ, ಸಿಗುವುದು ಹೇಗೆ, ಆಡಿದ್ದನ್ನು ಎಂದಾದರೂ ಕೇಳಿದ್ದರೆ ತಾನೇ — ಬೆರಳು, ಅಯ್ಯೋ, ಕರೆಂಟು ಬಂದರೆ, ಈಗ ಬಂದರೆ ಲಿಫ್ಟು ಇಳಿಯುತ್ತದೆ, ಗೋಡೆಗೂ ಜಾಲರಿಗೂ ನಡುವೆ ಒಂದು ಅಂಗುಲವೂ ಇಲ್ಲ, ಬೆರಳು, ಬಸೂ, ಬೆರಳ ಒಳಗ ತಗೋ, ಬಸೂ, ತಗಿಯೋ ಕೈ! ಅವನು ಅಲುಗಲಿಲ್ಲ. ಆಗ ಕಂಡಿತು, ತಲೆಯ ಮೇಲೆ ಬಿಲ್ಲೆ ಇಲ್ಲ, ಕಿತ್ತು ಹಾಕಿದ್ದಾನೆ, ವಯರು ಹೆಗಲ ಮೇಲೆ ಜೋತಾಡುತ್ತಿದೆ, ಯಾವಾಗ ಕಿತ್ತನೆಂದು ಯಾರೂ ಹೇಳಬೇಕಿಲ್ಲ, ಒದರಿದಾಗ ಇತ್ತು, ಬಾಯಿ ಮುಚ್ಚೋ ಎಂದದ್ದು ಕೇಳಿತು, ಮಾತು ತಿಳಿಯಿತೋ ಇಲ್ಲವೋ, ತಾಯಿಯ ದನಿ ತಿಳಿಯಿತು, ಆಮೇಲೆ ಕಿತ್ತ. ಹಂಪಮ್ಮ ಎರಡೂ ಕೈ ಎತ್ತಿದಳು, ಮೇಡಂ ಬಂದು ನೋಡಿದರೂ ನೋಡಲಿ, ಮುಷ್ಟಿ ಬಿಗಿದು ಎದೆಗೆ ಎಳೆದುಕೊಂಡಳು, ಹೀಗೆ, ಹೀಗೆ, ಒಳಗೆ, ನಿನ್ನ ಎದೆಗೆ, ಎದೆ ತಟ್ಟಿಕೊಂಡಳು, ನಾನು, ನಾನಿದ್ದೇನೆ, ಮತ್ತೆ ಮುಷ್ಟಿ, ಮತ್ತೆ ಎದೆ. ಬಸು ನೋಡಿದ. ಒಂದೊಂದಾಗಿ ಬೆರಳು ಸಡಿಲವಾದವು, ಒಳಗೆ ಹೋದವು, ಅವನ ಎದೆಗೆ ಅಂಟಿದವು. ಲಟಕ್ಕೆಂದು ಮೇಲೆ ಎಲ್ಲೋ ಸದ್ದಾಯಿತು, ದೀಪ ಬಂತು, ಲಿಫ್ಟು ಒಮ್ಮೆ ನಡುಗಿ ಗುಂಯ್ ಎಂದು ಇಳಿಯತೊಡಗಿತು.

ಕೆಳಗೆ ಹೊತ್ತು ತಂದಳು, ಮೈಯೆಲ್ಲ ಬೆವರು, ಚಡ್ಡಿ ಒದ್ದೆ, ಗಡಿಗೆಯಿಂದ ನೀರು ತೆಗೆದು ಕೇಳದೆಯೇ ಬಾಯಿಗೆ ಹಿಡಿದಳು, ಗಟಗಟ ಕುಡಿದ, ಉಸಿರು ಸಿಕ್ಕು ಕೆಮ್ಮಿ ಮತ್ತೆ ಕುಡಿದ. ಬೆನ್ನು ಸವರಿದಳು, ಬಿಲ್ಲೆಯನ್ನು ಸೆರಗಿನಿಂದ ಒರೆಸಿ ಮೆತ್ತಗೆ ತಲೆಗೆ ಅಂಟಿಸಿದಳು, ಟಪ್. ಬಸೂ, ನನ ಬಂಗಾರ, ನಾನೋ, ನಾ ಬಂದೀನೋ, ತೆಲುಗಿಗೆ ಬೆಂಕಿ ಹಚ್ಚು, ಮೇಡಂ ಏನಾರ ಅನ್ಲಿ, ಯವ್ವಾ ಅನ್ನೋ, ಆಗ ಅಂದಿಯಲ್ಲ ಹಂಗ, ಯವ್ವಾ, ಇನ್ನೊಂದು ಸಲ ಅನ್ನೋ ನನ ಅಪ್ಪಾ, ಈಗ ಓಡಿ ಬರ್ತೀನಿ, ಇಲ್ಲೇ ಅದೀನಿ ನೋಡು. ಬಸು ಅವಳ ಬಾಯನ್ನೇ ನೋಡುತ್ತಿದ್ದ. ಅವನ ತುಟಿಗಳು ಬೇರೆಯಾದವು, ಹಂಪಮ್ಮ ಕಿವಿ ಹತ್ತಿರ ತಂದಳು, ತುಟಿಗಳ ನಡುವಿನಿಂದ ಬಂದದ್ದು ಒಂದು ತೇಗು. ಕೈ ಎತ್ತಿ ಬಿಲ್ಲೆಯನ್ನು ಕಿತ್ತು, ಎಸೆಯಲಿಲ್ಲ, ಸಿಟ್ಟಿಲ್ಲ, ಬೇಡವಾದ ವಸ್ತುವನ್ನು ದೊಡ್ಡವರ ಕೈಗೆ ಕೊಡುವಂತೆ ಅವಳ ಅಂಗೈಯಲ್ಲಿ ಇಟ್ಟು ಗೋಡೆಯ ಕಡೆಗೆ ತಿರುಗಿ ಕೂತ. ಇವಳು ಮತ್ತೆ ಅಂಟಿಸಿದಳು, ಅವನು ಮತ್ತೆ ಕಿತ್ತು ಕೊಟ್ಟ. ದನಿ ಮಾಡಿದರೆ ವಸ್ತು ಬರುತ್ತದೆ, ಇಷ್ಟೇ ಪಾಠ. ಮಾಡಿದ. ಬಂದದ್ದೇನು. ಜಾಣ ಅಂದಿದ್ದರು ಮೇಡಂ, ಒಂದೇ ಸಲಕ್ಕೆ ಕಲಿಯುತ್ತಾನೆ.

ಹೊರಗೆ ದ್ಯಾವಪ್ಪ ಬಂದ, ಕ್ಯಾನು ಇಳಿಸಿದ, ಏನಾತು, ಏನಾತಲೇ, ಸಾರ್ ಏನೋ ಹೇಳ್ತಾರಲ್ಲ, ಮಾತಾಡಿದನಂತ, ಖರೇನು, ಯವ್ವಾ ಅಂದನಂತಲ್ಲ, ಅವನ ಮುಖದಲ್ಲಿ ನಗು, ಇಷ್ಟು ದಿನ ಎಲ್ಲಿಟ್ಟಿದ್ದನೋ ಆ ನಗುವನ್ನು, ಮಂಡಿಯೂರಿ ಮಗನ ಮುಂದೆ ಕೂತ, ಅಪ್ಪಾ ಅನ್ನು ನೋಡೂನು, ಅಪ್ಪಾ, ಬಸು ಗೋಡೆ ನೋಡುತ್ತಿದ್ದಾನೆ, ಏ, ನೀನಾರ ಹೇಳ, ನೀ ಕೇಳಿದಿಲ್ಲ, ಹೆಂಗ ಅಂದ, ಹೆಂಗಿತ್ತು ದನಿ. ಹೇಗಿತ್ತು ದನಿ. ಹೇಳಬೇಕು, ಕೇಳಿದವಳು ಇವಳೇ ತಾನೆ, ನೆನಪು ಮಾಡಿಕೊಳ್ಳಲು ನೋಡುತ್ತಾಳೆ, ಆ ಒಡಕು ದನಿ, ಆ ಎಳೆತ, ಒಂದು ಸಲ ಒಳಗೆ ಕೇಳಿಸಿದರೆ ಸಾಕು, ಬೇಕಾದಷ್ಟು ಸಲ ಮನಸ್ಸಿನಲ್ಲಿ ಆಡಿಸಿಕೊಂಡಾಳು, ಬರುತ್ತಿಲ್ಲ, ತನ್ನದೇ ದನಿ ಬರುತ್ತದೆ, ಬಾಯಿ ಮುಚ್ಚೋ, ಅದನ್ನು ಸರಿಸಿ ಕೇಳಬೇಕೆಂದರೆ ಅದರ ಹಿಂದೆ ಸದ್ದೇ ಇಲ್ಲ, ಬರೇ ಕತ್ತಲೆ, ಜಾಲರಿ, ಬೆರಳು, ಹೇಳಲೇ, ಹೆಂಗಿತ್ತು ಅಂತ ದ್ಯಾವಪ್ಪ ಕೇಳುತ್ತಿದ್ದಾನೆ, ಬೆರಳು, ಕಬ್ಬಿಣದ ಪಟ್ಟಿ ಹಿಡಿದ ಬೆರಳು, ಗಿಣ್ಣು ಬೆಳ್ಳಗಾದ ಬೆರಳು, ಬೆರಳು, ನಾಲ್ಕು ಬೆರಳು